ಎಂಟನೇ ಕ್ರಾಸಿನ ಗೊಂಬೆ ಅಂಗಡಿ: ಕೆಲಸ ಬಿಟ್ಟವಳ ವಿಮರ್ಶೆ

ಮಲ್ಲೇಶ್ವರದ ಎಂಟನೇ ಕ್ರಾಸಿನ ಈ ಚಿಕ್ಕ ಗೊಂಬೆ ಅಂಗಡಿಯಲ್ಲಿ ನಾಲ್ಕು ದಸರೆಗಳ ಕಾಲ ಕೆಲಸ ಮಾಡಿ, ಈ ಸಲದ ಆಯುಧಪೂಜೆಯಂದು ಬಿಟ್ಟು ಬಂದಿದ್ದೇನೆ. ಆದ್ದರಿಂದ ಇದನ್ನು ನಿಷ್ಪಕ್ಷಪಾತವಾದ ವಿಮರ್ಶೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಗಿರಾಕಿಗಳ ಕಣ್ಣಿಗೆ ಬೀಳದ ಅಟ್ಟವನ್ನೂ ಹತ್ತಿ ಇಳಿದವಳಾದ್ದರಿಂದ, ಹೊಗಳುವುದರ ಜೊತೆಗೆ ದೂರುವ ಅಧಿಕಾರವೂ ನನಗಿದೆ.

ಮೊದಲು ದೂರು. ಯಾವ ಗೊಂಬೆಯ ಮೇಲೂ ಬೆಲೆಯ ಚೀಟಿ ಇರುವುದಿಲ್ಲ. ಬೆಲೆಯೆಲ್ಲ ಯಜಮಾನರ ನೆನಪಿನಲ್ಲಿದೆ, ಅವರು ಊಟಕ್ಕೆ ಹೋದರೆ ವ್ಯಾಪಾರವೇ ನಿಂತುಹೋಗುತ್ತದೆ. ಮಹಾಲಯ ಅಮಾವಾಸ್ಯೆಯ ದಿನವಂತೂ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಪಿತೃಪಕ್ಷವೆಂದು ಅನೇಕರು ಹೊಸದೇನನ್ನೂ ಕೊಳ್ಳದ ಅದರ ಹಿಂದಿನ ಎರಡು ವಾರ ಅಂಗಡಿ ತಣ್ಣಗಿರುತ್ತದೆ. ಅಂಥ ನಿಯಮವಿಲ್ಲದವರಿಗೆ ನಿಧಾನವಾಗಿ ಆರಿಸಿಕೊಳ್ಳಲು ಅದೇ ಸರಿಯಾದ ಸಮಯ.

ಸರಕಿನ ವಿಷಯದಲ್ಲಿ ಮಾತ್ರ ಬೆರಳು ತೋರಿಸುವಂತಿಲ್ಲ. ತಮಿಳುನಾಡಿನ ಪನ್ರುಟ್ಟಿಯ ಮಣ್ಣಿನ ಗೊಂಬೆಗಳು ಬೈಹುಲ್ಲಿನ ನಡುವೆ ಬಂದಿಳಿದ ಕೂಡಲೇ ಒಂದೊಂದನ್ನೂ ಅಂಗೈಯಲ್ಲಿಟ್ಟು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುವುದು ನನ್ನ ಕೆಲಸವಾಗಿತ್ತು: ಚೆನ್ನಾಗಿ ಬೆಂದದ್ದು ಗಣಗಣ ಎನ್ನುತ್ತದೆ, ಬಣ್ಣದಡಿಯಲ್ಲಿ ಬಿರುಕಿರುವುದು ಮಂದವಾಗಿ ಸದ್ದು ಮಾಡುತ್ತದೆ. ಮಂದ ಸದ್ದಿನವು ಕಪಾಟು ಸೇರುತ್ತಿರಲಿಲ್ಲ. ಚನ್ನಪಟ್ಟಣದ ಗೊಂಬೆಗಳನ್ನು ಮಾತ್ರ ಪೂರಾ ನಂಬಿ ಮಕ್ಕಳ ಕೈಗೆ ಕೊಡುತ್ತಿದ್ದೆವು. ಆಲೆ ಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದರಿಂದ, ಆ ಬಣ್ಣ ಸುಲಭವಾಗಿ ಸುಲಿದು ಬರುವುದಿಲ್ಲ.

ನಾನು ಈ ಅಂಗಡಿಯನ್ನು ಮೆಚ್ಚಿದ್ದು ಇದಕ್ಕಿಂತ ಹೆಚ್ಚಾಗಿ ಅದು ಮಾರದೆ ಉಳಿಸಿದ್ದಕ್ಕಾಗಿ. ದಶಾವತಾರದ ಸೆಟ್ಟಿನಲ್ಲಿ ವಾಮನನ ಕೊಡೆ ಮುರಿದಿದೆಯೆಂದು ಹೊಸ ಸೆಟ್ ಕೇಳಿಕೊಂಡು ಬಂದ ಹೆಂಗಸೊಬ್ಬರನ್ನು ಕೂರಿಸಿ, ಯಜಮಾನರು ಪೊರಕೆ ಕಡ್ಡಿಯೊಂದನ್ನು ಸೀಳಿ, ಅಂಟು ಹಚ್ಚಿ, ಬಣ್ಣ ಬಳಿದು, ಇಪ್ಪತ್ತು ರೂಪಾಯಿ ತೆಗೆದುಕೊಂಡು ಕಳಿಸಿದರು. ಅದೇ ಮನುಷ್ಯ ಪಟ್ಟದ ಗೊಂಬೆಯ ಜೋಡಿಯನ್ನು ಒಡೆದು ರಾಣಿಯೊಬ್ಬಳನ್ನೇ ಕೊಡಿ ಎಂದವರಿಗೆ, ಎಷ್ಟು ಹಣ ಕೊಟ್ಟರೂ ಆಗದು ಎಂದುಬಿಟ್ಟರು. ಅದು ಹಟವೇ ಇರಬಹುದು, ನನಗಂತೂ ಇಷ್ಟವಾಯಿತು.

ಓದು ಮುಗಿದು ಬೇರೆ ಕಡೆ ಕೆಲಸ ಸಿಕ್ಕಿರುವುದರಿಂದ ಬಿಡಲೇಬೇಕಾಯಿತು. ಆಯುಧಪೂಜೆಯಂದು ಕತ್ತರಿಗೆ, ಬಿಲ್ ಪುಸ್ತಕಕ್ಕೆ, ಅಟ್ಟದ ಏಣಿಗೆ ನಾನೇ ಅರಿಶಿನ ಕುಂಕುಮ ಹಚ್ಚಿದೆ. ಬಾಗಿಲಲ್ಲಿ ಬೂದುಗುಂಬಳ ಒಡೆದಾದ ಮೇಲೆ ಯಜಮಾನರು ಪುರಿ ಕಡಲೆಯ ಪೊಟ್ಟಣದ ಜೊತೆಗೆ ಸಂಬಳದ ಲಕೋಟೆಯನ್ನು ಕೊಟ್ಟು, “ಮುಂದಿನ ವರ್ಷ ಗಿರಾಕಿಯಾಗಿ ಬಾ ಮಗು, ಚೌಕಾಸಿ ಮಾತ್ರ ಮಾಡಬೇಡ” ಎಂದರು. ಲಕೋಟೆಯಲ್ಲಿ ಒಂದು ತಿಂಗಳ ಸಂಬಳ ಹೆಚ್ಚಿಗೆ ಇದ್ದುದನ್ನು ಮನೆಗೆ ಬಂದ ಮೇಲೆ ನೋಡಿದೆ.

ನನ್ನ ಜಾಗಕ್ಕೆ ಬಂದಿರುವ ಹುಡುಗ ಚುರುಕಾಗಿದ್ದಾನೆ, ಆದರೆ ಇನ್ನೂ ಸ್ವಲ್ಪ ಜೋರಾಗಿಯೇ ತಟ್ಟುತ್ತಾನೆ. ಮುಂದಿನ ದಸರೆಗೆ ಹೋಗುವವರು ಮಣ್ಣಿನ ಗೊಂಬೆಯನ್ನು ಕೇಳಿ ಪಡೆದು, ತಾವೇ ತಟ್ಟಿ ನೋಡುವುದು ಒಳ್ಳೆಯದು.