ಎಕ್ಸ್‌ಲೈಟ್ಸ್: ಹಾರ್ಡ್‌ವೇರ್ ಕೈಗೆ ಬರುವ ಮುನ್ನ ಎಷ್ಟು ಪರೀಕ್ಷಿಸಬಹುದು?

ಎಲ್ಇಡಿ ಪಿಕ್ಸೆಲ್‌ಗಳ ಬೆಳಕನ್ನು ವಿನ್ಯಾಸಗೊಳಿಸಿ ನಿಯಂತ್ರಿಸುವ, ಉಚಿತವೂ ಮುಕ್ತ ಆಕರದ್ದೂ ಆದ ಎಕ್ಸ್‌ಲೈಟ್ಸ್ ತಂತ್ರಾಂಶವನ್ನು ಮೂರು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಕೆಲಸದ ಬಹುಪಾಲು, ಪಿಕ್ಸೆಲ್‌ಗಳಿಗೆ ಆದೇಶ ಕೊಡುವ ಕಂಟ್ರೋಲರಾಗಲಿ ಪಿಕ್ಸೆಲ್‌ಗಳನ್ನು ಜೋಡಿಸಿದ ಸ್ಟ್ರಿಪ್‌ಗಳಾಗಲಿ ಇನ್ನೂ ಬಾರದಿರುವಾಗಲೇ ನಡೆಯುವುದರಿಂದ, ಅವಿಲ್ಲದೆ ಇದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ನನಗೆ ಮುಖ್ಯ.

ಇದರ ಪ್ರಿವ್ಯೂ ನಿಜಕ್ಕೂ ಸೊಗಸಾಗಿದೆ. ಮ್ಯಾಟ್ರಿಕ್ಸ್‌ನ (ಸಾಲು-ಕಾಲಂಗಳಲ್ಲಿ ಜೋಡಿಸಿದ ಪಿಕ್ಸೆಲ್‌ಗಳ ಫಲಕದ) ಅಳತೆ, ಮೊದಲ ಪಿಕ್ಸೆಲ್ ಇರುವ ಮೂಲೆ, ಸಾಲುಗಳು ಹಾವಿನಂತೆ ಹೊರಳುತ್ತವೆಯೋ ಇಲ್ಲವೋ ಎಂಬುದನ್ನು ತಿಳಿಸಿದರೆ, ಅಕ್ಷರಗಳು ಓಡುವುದನ್ನು ಕೂತಲ್ಲೇ ನೋಡಬಹುದು. ಆದರೆ ಪ್ರಿವ್ಯೂ ತೋರಿಸುವುದು ನಾವೇ ಹೇಳಿಕೊಟ್ಟದ್ದನ್ನು. ಮೂಲೆಯನ್ನು ತಪ್ಪಾಗಿ ಹೇಳಿದ್ದರೂ ಚಿತ್ರ ಅಷ್ಟೇ ಅಚ್ಚುಕಟ್ಟಾಗಿ ಮೂಡುತ್ತದೆ. ಆದ್ದರಿಂದ ಹೊರಹೋಗುವ ದತ್ತಾಂಶವನ್ನೇ ನೋಡಬೇಕು. ಬೆಳಕಿನ ದತ್ತಾಂಶವನ್ನು ನೆಟ್‌ವರ್ಕ್ ಮೂಲಕ ಒಯ್ಯುವ ಎಸ್‌ಎಸಿಎನ್ ಎಂಬ ಪ್ರೊಟೊಕಾಲ್, ತಲುಪಿತೋ ಇಲ್ಲವೋ ಎಂಬ ಉತ್ತರಕ್ಕೆ ಕಾಯದ ಯುಡಿಪಿಯ ಮೇಲೆ ಸಾಗುವುದರಿಂದ, ಮಲ್ಟಿಕಾಸ್ಟ್‌ನಲ್ಲಿ (ಒಂದೇ ವಿಳಾಸಕ್ಕಲ್ಲದೆ ಗುಂಪಿಗೆ) ಕಳಿಸಿದರೆ ಎದುರಿಗೆ ಕಂಟ್ರೋಲರ್ ಇಲ್ಲದಿದ್ದರೂ ಪ್ಯಾಕೆಟ್‌ಗಳು ಹೊರಡುತ್ತಲೇ ಇರುತ್ತವೆ. ಅವನ್ನು ನೆಟ್‌ವರ್ಕ್‌ನ ದತ್ತಾಂಶವನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ ಹಿಡಿದು ಬಿಡಿಸಿ ನೋಡುವುದು ನನ್ನ ರೂಢಿ.

ಒಮ್ಮೆ 32 ಕಾಲಂ, 16 ಸಾಲುಗಳ ಮ್ಯಾಟ್ರಿಕ್ಸ್‌ಗೆ ಕೆಲಸ ಮಾಡುತ್ತಿದ್ದೆ. ಪಿಕ್ಸೆಲ್‌ಗೆ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್‌ನಂತೆ 512 ಪಿಕ್ಸೆಲ್ ಎಂದರೆ 1536 ಚಾನೆಲ್; ತಲಾ 512 ಚಾನೆಲ್‌ನ ಮೂರು ಯೂನಿವರ್ಸ್‌ಗೆ (ಚಾನೆಲ್‌ಗಳ ಗುಂಪಿಗೆ) ಸರಿಹೋಯಿತು ಎಂದುಕೊಂಡೆ. ಆದರೆ ಒಂದು ಪಿಕ್ಸೆಲ್ ಎರಡು ಯೂನಿವರ್ಸ್‌ಗಳ ನಡುವೆ ಒಡೆಯದಿರಲೆಂದು ತಲಾ 510 ಚಾನೆಲ್, ಅಂದರೆ 170 ಪಿಕ್ಸೆಲ್ ಎಂದು ನಾನೇ ನಿಗದಿ ಮಾಡಿದ್ದೆ. ವೈರ್‌ಶಾರ್ಕ್ ತೆರೆದಾಗ ನಾಲ್ಕನೆಯ ಯೂನಿವರ್ಸ್ ಕಾಣಿಸಿತು. ಅದರಲ್ಲಿ ಕೇವಲ ಆರು ಚಾನೆಲ್, ಕೊನೆಯ ಎರಡು ಪಿಕ್ಸೆಲ್‌ಗಳವು. ಕಂಟ್ರೋಲರ್‌ನಲ್ಲಿ ಮೂರನ್ನೇ ಹೊಂದಿಸಿದ್ದರೆ ಆ ಎರಡೂ ಕತ್ತಲಲ್ಲೇ ಉಳಿಯುತ್ತಿದ್ದವು. ಪ್ರಿವ್ಯೂನಲ್ಲಿ ಮಾತ್ರ 512 ಪಿಕ್ಸೆಲ್‌ಗಳೂ ಬೆಳಗುತ್ತಿದ್ದವು!

ಪ್ಯಾಕೆಟ್‌ಗೂ ಸಿಗದ ಸಂಗತಿಗಳಿವೆ. ಡಬ್ಲ್ಯುಎಸ್2812ಬಿ ಮಾದರಿಯ ಪ್ರತಿ ಪಿಕ್ಸೆಲ್‌ಗೆ 24 ಬಿಟ್ ಸಾಗಿಸಲು ಸುಮಾರು 30 ಮೈಕ್ರೋಸೆಕೆಂಡ್ ಬೇಕು. ಕಂಟ್ರೋಲರ್‌ನ ಒಂದೇ ಪೋರ್ಟ್‌ಗೆ 1000 ಪಿಕ್ಸೆಲ್ ಜೋಡಿಸಿದರೆ ಒಂದು ಫ್ರೇಮ್‌ಗೆ 30 ಮಿಲಿಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 40 ಫ್ರೇಮ್ ಎಂದರೆ ಇರುವುದು 25 ಮಿಲಿಸೆಕೆಂಡ್ ಮಾತ್ರ. ವಿದ್ಯುತ್ತಿನ ಲೆಕ್ಕವೂ ಹಾಗೆಯೇ: ಪೂರ್ಣ ಬಿಳಿಗೆ ಪಿಕ್ಸೆಲ್‌ಗೆ 60 ಮಿಲಿಆಂಪ್‌ನಂತೆ ಹಿಡಿದರೆ ಆ 512ಕ್ಕೆ ಸುಮಾರು 31 ಆಂಪ್ ಬೇಕು. ಇವೆರಡನ್ನೂ ಕಾಗದದ ಮೇಲೆ ಲೆಕ್ಕ ಹಾಕಿಕೊಳ್ಳುತ್ತೇನೆ.

ಬಣ್ಣದ ಕ್ರಮವನ್ನು ಲೆಕ್ಕದಿಂದಲೂ ಖಚಿತಪಡಿಸಿಕೊಳ್ಳಲಾಗದು. ಈ ಚಿಪ್ ಹಸಿರನ್ನು ಮೊದಲು ಓದುತ್ತದೆ. ಕ್ರಮ ತಪ್ಪಿದರೆ ಪ್ರಿವ್ಯೂನ ಕೆಂಪು ಗೋಡೆಯ ಮೇಲೆ ಹಸಿರಾಗುತ್ತದೆ. ಅದಕ್ಕಾಗಿ ಪೂರ್ತಿ ಸಾಮಾನಿಗೆ ಕಾಯದೆ, ಅದೇ ಸ್ಟ್ರಿಪ್‌ನ ಗೇಣುದ್ದದ ತುಂಡೊಂದನ್ನು ಮೊದಲೇ ತರಿಸಿಕೊಳ್ಳುತ್ತೇನೆ.