ಮೆಶ್ ವೈ-ಫೈ ಬಹಳ ದಿನ ಬಳಸಿದ ಮೇಲೆ: ಯೂನಿಟ್‌ಗಿಂತ ನಡುವಿನ ಕೊಂಡಿ ಮುಖ್ಯ

ನಮ್ಮ ಮನೆಯಲ್ಲಿ ಮೂರು ಯೂನಿಟ್‌ಗಳ ಮೆಶ್ ಸೆಟ್ ಹಾಕಿ ಒಂದೆರಡು ವರ್ಷದ ಮೇಲಾಯಿತು. ಮೆಶ್ ಅಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಹಲವು ಯೂನಿಟ್‌ಗಳು ಸೇರಿ ಒಂದೇ ವೈ-ಫೈ ಆಗುವುದು, ಇಂಟರ್‌ನೆಟ್ ಲೈನ್‌ಗೆ ಸೇರಿಸಿದ್ದು ಮುಖ್ಯ ಯೂನಿಟ್. ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಓಡುವುದು), ವೈ-ಫೈ 6, ಮಧ್ಯಮ ದರ್ಜೆಯದು. ಹೊಸದರಲ್ಲಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ, ಎಲ್ಲದರಲ್ಲೂ ‘ಸೆಟಪ್ ಹತ್ತೇ ನಿಮಿಷ, ಮನೆ ತುಂಬಾ ಫುಲ್ ಸಿಗ್ನಲ್’ ಎಂಬ ಮಾತೇ. ಅದು ಸುಳ್ಳಲ್ಲ. ಆದರೆ ಫುಲ್ ಸಿಗ್ನಲ್ ತೋರಿಸುವುದೇ ಬೇರೆ, ಇಂಟರ್‌ನೆಟ್ ಸರಿಯಾಗಿ ಓಡುವುದೇ ಬೇರೆ. ಅದು ಗೊತ್ತಾಗುವುದು ದಿನಾ ಬಳಸಿದಾಗ. ಬ್ರಾಂಡ್ ಹೆಸರು ಹಾಕುತ್ತಿಲ್ಲ, ಯಾಕೆಂದರೆ ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಸೆಟ್ ಕೊಂಡರೂ ಅನ್ವಯಿಸುತ್ತದೆ.

ಮೊದಲು ಮನೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಎರಡು ಅಂತಸ್ತು. ಫೈಬರ್ ಲೈನ್ ಬರುವುದು ಕೆಳಗಿನ ಹಾಲ್‌ನ ಮುಂದಿನ ಮೂಲೆಗೆ. ನಾನು ಕೂತು ಕೆಲಸ ಮಾಡುವುದು ಮಹಡಿಯ ಹಿಂದಿನ ರೂಮಿನಲ್ಲಿ. ನಡುವೆ ಎರಡು ಗೋಡೆ, ಒಂದು ಕಾಂಕ್ರೀಟ್ ಸ್ಲ್ಯಾಬ್. ಹಳೆಯ ರೂಟರ್ ಕೆಟ್ಟದ್ದೇನೂ ಆಗಿರಲಿಲ್ಲ, ಹಾಲ್‌ನಲ್ಲಿ ಕೂತರೆ ಪ್ಲಾನ್‌ನ ಪೂರ್ತಿ ವೇಗ ಸಿಗುತ್ತಿತ್ತು. ಮಹಡಿಯ ರೂಮಿಗೆ ಸಿಗ್ನಲ್ ಸರಿಯಾಗಿ ಬಾರದಿದ್ದುದು ಅದರ ತಪ್ಪಲ್ಲ, ಜಾಗದ ತಪ್ಪು.

ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ವೈ-ಫೈ ಅಳೆಯುವ ಆಪ್ ಒಂದನ್ನು ಹಾಕಿಕೊಳ್ಳಿ, ಅದು ಸಿಗ್ನಲ್‌ನ ಬಲವನ್ನು ಡಿಬಿಎಂ ಎಂಬ ಅಳತೆಯ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ ಅಂಕಿ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಬಹಳ ಚೆನ್ನಾಗಿದೆ ಅಂತ ಅರ್ಥ. ಮೈನಸ್ 67ರ ಆಸುಪಾಸಿನವರೆಗೆ ವಿಡಿಯೊ ಕಾಲ್ ಆರಾಮಾಗಿ ನಡೆಯುತ್ತದೆ. ಮೈನಸ್ 80 ದಾಟಿದರೆ ಹೆಸರಿಗೆ ಮಾತ್ರ ಕನೆಕ್ಷನ್. ಪ್ರತಿ 3 ಡಿಬಿ ಇಳಿದರೆ ಸಿಗ್ನಲ್‌ನ ಬಲ ಅರ್ಧಕ್ಕೆ ಇಳಿದಂತೆ, 10 ಡಿಬಿ ಇಳಿದರೆ ಹತ್ತರಲ್ಲಿ ಒಂದು ಪಾಲು. ಫೋನ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಾ ನೋಡಿದರೆ ಈ ಇಳಿತ ಕಣ್ಣಿಗೇ ಕಾಣುತ್ತದೆ. ಹಳೆಯ ರೂಟರ್ ಇದ್ದಾಗ ನಮ್ಮಲ್ಲಿ ಹಾಲ್‌ನಲ್ಲಿ ಮೈನಸ್ 45, ಮೆಟ್ಟಿಲ ತಿರುವಿನಲ್ಲಿ ಮೈನಸ್ 61, ಮಹಡಿ ರೂಮಿನ ಬಾಗಿಲಲ್ಲಿ ಮೈನಸ್ 74, ಮೇಜಿನ ಹತ್ತಿರ ಮೈನಸ್ 82. ರೂಮಿನಲ್ಲಿರುವ ಸ್ಟೀಲ್ ಬೀರುವಿನ ಮರೆಗೆ ಹೋದರೆ ಅದೂ ಇಲ್ಲ. ಕಬ್ಬಿಣದ ಸರಳಿರುವ ಕಾಂಕ್ರೀಟು, ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ನೀರು ತುಂಬಿದ ಮೀನಿನ ತೊಟ್ಟಿ, ಇವೆಲ್ಲ ಸಿಗ್ನಲ್‌ಗೆ ಅಡ್ಡ. 5 ಗಿಗಾಹರ್ಟ್ಸ್‌ಗೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ಮನೆಗಳ ವೈ-ಫೈ, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅಲ್ಲೇ ಗದ್ದಲ ಮಾಡುತ್ತಿರುತ್ತವೆ.

ಮೆಶ್‌ಗಿಂತ ಮುಂಚೆ ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಎಕ್ಸ್‌ಟೆಂಡರ್ ಒಂದು ಇತ್ತು. ಅದಕ್ಕೆ ಬೇರೆ ಹೆಸರಿನ ನೆಟ್‌ವರ್ಕ್. ಮೇಲೆ ಹೋದಾಗ ಅದಕ್ಕೆ ಬದಲಾಯಿಸಬೇಕು, ಕೆಳಗೆ ಬಂದಾಗ ಇದಕ್ಕೆ. ಅಮ್ಮ ಅಂತೂ ‘ಇದು ಯಾವಾಗ ನೋಡಿದರೂ ಸುತ್ತುತ್ತಾನೇ ಇರುತ್ತೆ ಕಣೋ’ ಅಂತ ಫೋನ್ ಪಕ್ಕಕ್ಕಿಟ್ಟುಬಿಡುತ್ತಿದ್ದರು. ಈಗ ಮನೆಗೆಲ್ಲ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ಅಕ್ಕನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಲೇ ಅಮ್ಮ ಹಾಲ್‌ನಿಂದ ಮಹಡಿಗೆ ಹೋಗುತ್ತಾರೆ, ಮೆಟ್ಟಿಲ ತಿರುವಿನಲ್ಲಿ ಚಿತ್ರ ಒಂದು ಗಳಿಗೆ ನಿಂತು ಮತ್ತೆ ಓಡುತ್ತದೆ, ಮಾತು ಕಡಿಯುವುದಿಲ್ಲ. ನನ್ನ ಮಟ್ಟಿಗೆ ಈ ಸೆಟ್ ಕೊಂಡಿದ್ದಕ್ಕೆ ಇದೊಂದೇ ಸಾಕು.

ಒಂದು ವಿಷಯ ಮಾತ್ರ ತಿಳಿದಿರಲಿ. ಯಾವ ಯೂನಿಟ್‌ಗೆ ಸೇರಬೇಕು ಅಂತ ಕೊನೆಗೆ ತೀರ್ಮಾನಿಸುವುದು ಮೆಶ್ ಅಲ್ಲ, ನಿಮ್ಮ ಫೋನು. 802.11ಕೆ, ವಿ, ಆರ್ ಎಂಬ ಮೂರು ಸ್ಟ್ಯಾಂಡರ್ಡ್‌ಗಳಿವೆ. ಪಕ್ಕದಲ್ಲಿ ಇನ್ಯಾವ ಯೂನಿಟ್ ಇದೆ ಅಂತ ಹೇಳುವುದು ಕೆ. ಅಲ್ಲಿಗೆ ಹೋಗು ಅಂತ ಸೂಚಿಸುವುದು ವಿ. ಹೋಗುವಾಗ ಪಾಸ್‌ವರ್ಡ್ ವ್ಯವಹಾರ ಬೇಗ ಮುಗಿಸುವುದು ಆರ್. ಸೂಚನೆ ಕೊಟ್ಟರೂ ಫೋನ್ ಒಪ್ಪಲೇಬೇಕು ಅಂತೇನಿಲ್ಲ. ಐಫೋನ್ ಆದರೆ ಸಿಗ್ನಲ್ ಮೈನಸ್ 70ಕ್ಕೆ ಇಳಿಯುವ ತನಕ ಬೇರೆ ಯೂನಿಟ್ ಹುಡುಕಲು ಹೋಗುವುದೇ ಇಲ್ಲ. ನಮ್ಮ ಹಳೆಯ ಲ್ಯಾಪ್‌ಟಾಪ್ ಒಂದು ಕೆಳಗಿನ ಯೂನಿಟ್ಟನ್ನೇ ಹಿಡಿದುಕೊಂಡು ಕೂರುತ್ತದೆ, ಪಕ್ಕದಲ್ಲೇ ಇನ್ನೊಂದು ಇದ್ದರೂ. ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಹಾಗಾಗಿ ಯೂನಿಟ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಎಂಬ ಲೆಕ್ಕ ಸರಿಯಲ್ಲ. ತೀರಾ ಹತ್ತಿರ ಹತ್ತಿರ ಇಟ್ಟರೆ ಫೋನ್‌ಗೆ ಜಾಗ ಬದಲಿಸಲು ಕಾರಣವೇ ಇರುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯೂನಿಟ್‌ಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಕೊಂಡಿಗೆ ಬ್ಯಾಕ್‌ಹಾಲ್ ಅನ್ನುತ್ತಾರೆ. ಮೆಶ್ ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ನಿಂತಿರುವುದು ಇದರ ಮೇಲೆ. ಡ್ಯುಯಲ್ ಬ್ಯಾಂಡ್ ಸೆಟ್‌ನಲ್ಲಿ ನಿಮ್ಮ ಫೋನ್ ಜೊತೆ ಮಾತಾಡುವ 5 ಗಿಗಾಹರ್ಟ್ಸ್ ರೇಡಿಯೊನೇ ಮುಖ್ಯ ಯೂನಿಟ್ ಜೊತೆಗೂ ಮಾತಾಡಬೇಕು. ಇರುವ ಒಂದೇ ಕೈಯಲ್ಲಿ ಇಸಕೊಂಡು ಅದೇ ಕೈಯಲ್ಲಿ ಮುಂದಕ್ಕೆ ದಾಟಿಸಿದ ಹಾಗೆ. ಹೀಗಾಗಿ ಒಂದು ಹಂತ ದಾಟಿದರೆ ವೇಗ ಸುಮಾರು ಅರ್ಧವಾಗುತ್ತದೆ, ಎರಡನೆಯ ಯೂನಿಟ್‌ನಿಂದ ಮೂರನೆಯದಕ್ಕೆ ಹೋದರೆ ಇನ್ನೂ ಇಳಿಯುತ್ತದೆ. ನಮ್ಮದು 300 ಎಂಬಿಪಿಎಸ್ ಪ್ಲಾನ್. ಹಾಲ್‌ನಲ್ಲಿ ಪೂರ್ತಿ ಬರುತ್ತಿತ್ತು, ಮಹಡಿಯಲ್ಲಿ 130ರಿಂದ 150, ಹಿಂದಿನ ರೂಮಿನ ಯೂನಿಟ್‌ನಲ್ಲಿ 60ರ ಸುತ್ತಮುತ್ತ. ಫೋನ್‌ನಲ್ಲಿ ಮಾತ್ರ ಎಲ್ಲ ಕಡೆ ಕಡ್ಡಿ ಫುಲ್! ಯಾಕೆಂದರೆ ಕಡ್ಡಿ ತೋರಿಸುವುದು ಫೋನಿಗೂ ಹತ್ತಿರದ ಯೂನಿಟ್‌ಗೂ ಇರುವ ಸಂಬಂಧವನ್ನು, ಆ ಯೂನಿಟ್‌ನ ಹಿಂದೆ ಏನು ನಡೆಯುತ್ತಿದೆ ಎನ್ನುವುದನ್ನಲ್ಲ.

60 ಸಾಲದಾ ಅಂದರೆ, ಒಬ್ಬರಿಗೆ ಧಾರಾಳ ಸಾಕು. ಆದರೆ ಸಂಜೆ ಎಲ್ಲರೂ ಮನೆಯಲ್ಲಿದ್ದು ಒಬ್ಬರು ಸಿನಿಮಾ, ಒಬ್ಬರು ಗೇಮು, ನಾನು ಮೀಟಿಂಗಿನಲ್ಲಿ ಇದ್ದಾಗ ವೇಗಕ್ಕಿಂತ ಹೆಚ್ಚಾಗಿ ಪಿಂಗ್ (ಕಳಿಸಿದ್ದಕ್ಕೆ ಉತ್ತರ ಬರಲು ಹಿಡಿಯುವ ಸಮಯ) ಕೆಡುತ್ತಿತ್ತು, ದನಿ ತುಂಡುತುಂಡಾಗಿ ಕೇಳುತ್ತಿತ್ತು.

ಇದಕ್ಕೆ ಪಕ್ಕಾ ಪರಿಹಾರ ಲ್ಯಾನ್ ಕೇಬಲ್. ಯೂನಿಟ್‌ಗಳ ನಡುವೆ ತಂತಿ ಎಳೆದುಬಿಟ್ಟರೆ ಬ್ಯಾಕ್‌ಹಾಲ್ ಕೆಲಸವನ್ನೆಲ್ಲ ಅದು ಹೊತ್ತುಕೊಳ್ಳುತ್ತದೆ, ರೇಡಿಯೊ ಪೂರ್ತಿ ನಿಮ್ಮ ಫೋನು ಲ್ಯಾಪ್‌ಟಾಪ್‌ಗಳಿಗೇ ಮೀಸಲು. ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು, 100 ಮೀಟರ್‌ವರೆಗೂ 1 ಜಿಬಿಪಿಎಸ್ ಒಯ್ಯುತ್ತದೆ. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ. ನಮ್ಮಲ್ಲಿ ಕೇಬಲ್ ಎಳೆದ ಮೇಲೂ ಮಹಡಿಯಲ್ಲಿ ವೇಗ ಸರಿಯಾಗಿ 94ಕ್ಕೆ ನಿಲ್ಲುತ್ತಿತ್ತು, ಒಂದಂಕಿ ಮೇಲೆ ಹೋಗುತ್ತಿರಲಿಲ್ಲ. ನಿಮಗೂ 90ರ ಮೇಲೆ 95ರ ಒಳಗೆ ಹೀಗೆ ಅಂಟಿಕೊಂಡು ನಿಂತರೆ ಮೊದಲು ಅನುಮಾನ ಪಡಬೇಕಾದ್ದು ಕನೆಕ್ಟರ್ ಮೇಲೆ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ಎಳೆ ಬೇಕು, 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು. ಮಿಕ್ಕ ನಾಲ್ಕರಲ್ಲಿ ಒಂದು ಎಳೆ ಸರಿಯಾಗಿ ಕೂತಿಲ್ಲ ಅಂದರೆ ಲಿಂಕ್ ಸುಮ್ನೆ 100ಕ್ಕೆ ಇಳಿದುಬಿಡುತ್ತದೆ, ಎಲ್ಲೂ ಎರರ್ ತೋರಿಸುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಕಂದು ಬಣ್ಣದ ಎಳೆ ತುದಿಯವರೆಗೆ ಹೋಗಿರಲೇ ಇಲ್ಲ. ತಲೆ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿದ ಕೂಡಲೇ 300ಕ್ಕೆ ಹತ್ತಿರ ಬಂತು. ಕೆಲವು ಅಗ್ಗದ ಸೆಟ್‌ಗಳಲ್ಲಿ ಪೋರ್ಟೇ 100 ಎಂಬಿಪಿಎಸ್‌ನದು ಇರುತ್ತದೆ, ಅಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಕೊಳ್ಳುವ ಮುಂಚೆ ಪೆಟ್ಟಿಗೆ ಮೇಲೆ ಗಿಗಾಬಿಟ್ ಅಂತ ಬರೆದಿದೆಯಾ, ಪ್ರತಿ ಯೂನಿಟ್‌ಗೂ ಎಷ್ಟು ಪೋರ್ಟ್ ಇದೆ ಅಂತ ಓದಿ ನೋಡಿ.

ತಂತಿ ಎಳೆಯಲು ಆಗುವುದೇ ಇಲ್ಲ ಎನ್ನುವವರು ಟ್ರೈ ಬ್ಯಾಂಡ್ ನೋಡಿ. ಅದರಲ್ಲಿ ಬ್ಯಾಕ್‌ಹಾಲ್‌ಗೆ ಬಳಸಬಹುದಾದ ಇನ್ನೊಂದು ರೇಡಿಯೊ ಇರುತ್ತದೆ. ವೈ-ಫೈ 6ಇ ಮತ್ತು 7ರಲ್ಲಿ ಬರುವ 6 ಗಿಗಾಹರ್ಟ್ಸ್ ಬ್ಯಾಂಡ್ ಖಾಲಿ ಇರುವುದು ನಿಜ. ಆದರೆ ಗೋಡೆ ಬಂದರೆ 5ಕ್ಕಿಂತಲೂ ಬೇಗ ಸೋಲುತ್ತದೆ.

ಯೂನಿಟ್ ಎಲ್ಲಿಡಬೇಕು ಎಂಬುದೂ ಇದೇ ಲೆಕ್ಕ. ಸಿಗ್ನಲ್ ಸಿಗದ ರೂಮಿನ ಒಳಗೇ ತಂದಿಡುವವರು ಬಹಳ ಜನ. ತಂತಿ ಇಲ್ಲದಿದ್ದರೆ ಅಲ್ಲಿ ಆ ಯೂನಿಟ್‌ಗೂ ಸಿಗುವುದು ಅದೇ ಬಡಕಲು ಸಿಗ್ನಲ್, ಅದನ್ನೇ ನಿಮಗೆ ಹಂಚುತ್ತದೆ. ಮುಖ್ಯ ಯೂನಿಟ್‌ಗೂ ಆ ರೂಮಿಗೂ ನಡುವೆ, ಮೈನಸ್ 60ರ ಹತ್ತಿರ ಸಿಗುವ ಜಾಗದಲ್ಲಿ ಇಡಿ. ನಮ್ಮಲ್ಲಿ ಅದು ಮೆಟ್ಟಿಲ ತಿರುವು. ಟಿವಿ ಹಿಂದೆ, ಕಪಾಟಿನ ಒಳಗೆ, ನೆಲದ ಮೇಲೆ ಬೇಡ. ಕೇಬಲ್ ಇದ್ದರೆ ಈ ಕಟ್ಟುಪಾಡಿಲ್ಲ, ಬೇಕಾದ ರೂಮಿನಲ್ಲೇ ಇಡಬಹುದು.

ಹಾಕುವಾಗ ಗಮನಿಸಬೇಕಾದ್ದು ಇನ್ನೂ ಇದೆ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ಡಬ್ಬವೂ ರೂಟರೇ, ಮೆಶ್‌ನ ಮುಖ್ಯ ಯೂನಿಟ್ಟೂ ರೂಟರೇ. ಎರಡೂ ಹಾಗೇ ಇದ್ದರೆ ಡಬಲ್ ನ್ಯಾಟ್ ಆಗುತ್ತದೆ, ಅಂದರೆ ಮನೆಯ ಸಾಧನಗಳ ವಿಳಾಸ ಬದಲಿಸಿ ಹೊರಗೆ ಕಳಿಸುವ ಕೆಲಸ ಎರಡು ಸಲ ನಡೆಯುತ್ತದೆ. ಬ್ರೌಸಿಂಗ್‌ಗೆ ಏನೂ ಗೊತ್ತಾಗುವುದಿಲ್ಲ, ಆನ್‌ಲೈನ್ ಗೇಮ್‌ಗೆ, ಹೊರಗಿನಿಂದ ಮನೆಯ ಕ್ಯಾಮೆರಾ ನೋಡುವುದಕ್ಕೆ ತೊಂದರೆ ಬರಬಹುದು. ಆ ಡಬ್ಬವನ್ನು ಬರೀ ಲೈನ್ ದಾಟಿಸುವ ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಅಥವಾ ಮೆಶ್ಶನ್ನು ಬರೀ ವೈ-ಫೈ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಎರಡನೆಯದರಲ್ಲಿ ಮಕ್ಕಳ ಸಮಯ ನಿಯಂತ್ರಣದಂಥ ಕೆಲವು ಸೌಲಭ್ಯ ಸಾಮಾನ್ಯವಾಗಿ ಕೈಬಿಟ್ಟು ಹೋಗುತ್ತವೆ. ಯಾವುದೇ ಮಾಡಿದರೂ ಹಳೆ ಡಬ್ಬದ ವೈ-ಫೈ ಆಫ್ ಮಾಡಿ, ಸುಮ್ನೆ ಗಾಳಿಯಲ್ಲಿ ಗದ್ದಲ ಬೇಡ. ಮೆಶ್‌ಗೆ ಹಳೆಯ ಹೆಸರು ಮತ್ತು ಪಾಸ್‌ವರ್ಡನ್ನೇ ಕೊಟ್ಟರೆ ಹೆಚ್ಚಿನ ಫೋನು, ಟಿವಿ, ಪ್ರಿಂಟರ್ ತಾವಾಗಿಯೇ ಸೇರಿಕೊಳ್ಳುತ್ತವೆ. ಸ್ಮಾರ್ಟ್ ಬಲ್ಬ್, ಪ್ಲಗ್‌ಗಳು ಮಾತ್ರ ಹಠ ಮಾಡುತ್ತವೆ. ಹೆಚ್ಚಿನವಕ್ಕೆ ಬರುವುದು 2.4 ಮಾತ್ರ, ವೈ-ಫೈನ ಹೊಸ ಭದ್ರತಾ ವಿಧಾನವಾದ ಡಬ್ಲ್ಯುಪಿಎ3 ಕೂಡ ಅರ್ಥವಾಗದವು ಬಹಳ. ಅವಕ್ಕಾಗಿ 2.4ರಲ್ಲಿ, ಹಳೆಯ ಡಬ್ಲ್ಯುಪಿಎ2 ಇರುವ ಪ್ರತ್ಯೇಕ ನೆಟ್‌ವರ್ಕ್ ಒಂದನ್ನು ತೆರೆದೆ, ತಲೆನೋವು ಹೋಯಿತು.

5 ಗಿಗಾಹರ್ಟ್ಸ್ ಆಗಾಗ ಮಾಯವಾಗಿ ಒಂದೆರಡು ನಿಮಿಷದಲ್ಲಿ ವಾಪಸ್ ಬಂದರೆ ಯೂನಿಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಬ್ಯಾಂಡ್‌ನ ಕೆಲವು ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಡಿಎಫ್ಎಸ್ ಎಂಬ ನಿಯಮ ಇರುವ ದೇಶಗಳಲ್ಲಿ ರೇಡಾರ್ ಸುಳಿವು ಸಿಕ್ಕ ತಕ್ಷಣ ರೂಟರ್ ಜಾಗ ಖಾಲಿ ಮಾಡಬೇಕು, ಅಂಥ ಇನ್ನೊಂದು ಚಾನೆಲ್‌ಗೆ ಹೋಗಬೇಕಾದರೆ ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಿ ಆಮೇಲೆ ಶುರುಮಾಡಬೇಕು. ಚಾನೆಲ್‌ನ ಅಗಲವನ್ನು 160 ಮೆಗಾಹರ್ಟ್ಸ್‌ಗೆ ಇಟ್ಟರೆ ಈ ರೇಡಾರ್ ಚಾನೆಲ್‌ಗಳು ಸಾಮಾನ್ಯವಾಗಿ ಒಳಗೆ ಬಂದೇ ಬರುತ್ತವೆ. ನಾನು 80ಕ್ಕೆ ಇಳಿಸಿ ಚಾನೆಲ್ 36ಕ್ಕೆ ನಿಲ್ಲಿಸಿದ್ದೇನೆ. ಸ್ಪೀಡ್ ಟೆಸ್ಟಿನ ಅಂಕಿ ಸ್ವಲ್ಪ ಇಳಿಯಿತು, ಆದರೆ ಮೀಟಿಂಗ್ ನಡುವೆ ಕಡಿಯುವುದು ನಿಂತಿತು.

ಬೇಸರಗಳೂ ಇವೆ. ಎಲ್ಲವೂ ಆಪ್‌ನಲ್ಲೇ, ಅದಕ್ಕೂ ಒಂದು ಅಕೌಂಟ್ ಮಾಡಿಕೊಳ್ಳಬೇಕು. ಬ್ರೌಸರ್‌ನಲ್ಲಿ ತೆರೆಯುವ ಪುಟ ಇದ್ದರೂ ಅದರಲ್ಲಿ ನೋಡಬಹುದೇ ಹೊರತು ಬದಲಾಯಿಸಲು ಆಗುವುದಿಲ್ಲ. ನಮ್ಮದೇ ಮನೆಯ ನೆಟ್‌ವರ್ಕ್ ಸರಿಪಡಿಸಲು ಕಂಪನಿಯ ಸರ್ವರ್‌ಗೆ ಲಾಗಿನ್ ಆಗಬೇಕು ಎನ್ನುವುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಫರ್ಮ್‌ವೇರ್ (ಯೂನಿಟ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಒಂದರ ನಂತರ ಮಹಡಿಯ ಯೂನಿಟ್ ಕೆಂಪು ದೀಪ ಹಾಕಿಕೊಂಡು ಕೂತಿತು, ಸಪೋರ್ಟ್‌ನವರು ‘ರೀಸೆಟ್ ಮಾಡಿ ಮತ್ತೆ ಸೇರಿಸಿ’ ಎನ್ನುವುದು ಬಿಟ್ಟರೆ ಬೇರೇನೂ ಹೇಳಲಿಲ್ಲ. ಹಾಗೆ ಮಾಡಿದ ಮೇಲೆ ಸರಿಯಾಯಿತು. ಅಪ್‌ಡೇಟ್ ಬೆಳಗಿನ ಜಾವಕ್ಕೆ ನಿಗದಿ ಮಾಡಿಡಿ, ಆದರೆ ನಿಲ್ಲಿಸಬೇಡಿ, ಸೆಕ್ಯುರಿಟಿ ರಿಪೇರಿಗಳು ಬರುವುದು ಅದರಲ್ಲೇ. ಕರೆಂಟ್ ಹೋಗಿ ಬಂದರೆ ಮುಖ್ಯ ಯೂನಿಟ್ ಮೊದಲು ಎದ್ದು, ಮಿಕ್ಕವು ಅದನ್ನು ಹುಡುಕಿ ಸೇರಲು ಕೆಲವು ನಿಮಿಷ ಬೇಕು. ರೂಟರ್‌ಗೊಂದಕ್ಕೇ ಬ್ಯಾಕಪ್ ಕೊಟ್ಟರೆ ಸಾಲದು, ಎಲ್ಲ ಯೂನಿಟ್‌ಗೂ ಬೇಕು. ಇನ್ನೊಂದು ಬೇಸರ, ಮುಂದೆ ಯೂನಿಟ್ ಸೇರಿಸಬೇಕೆಂದರೆ ಅದೇ ಕಂಪನಿಯದೇ ಬೇಕು. ಬೇರೆ ಬೇರೆ ಕಂಪನಿಯವು ಕೂಡಿ ಕೆಲಸ ಮಾಡಲಿ ಅಂತ ವೈ-ಫೈ ಸಾಧನಗಳಿಗೆ ಪ್ರಮಾಣಪತ್ರ ಕೊಡುವ ವೈ-ಫೈ ಅಲಯನ್ಸ್ 2018ರಲ್ಲೇ ಈಸಿಮೆಶ್ ಎಂಬ ಸ್ಟ್ಯಾಂಡರ್ಡ್ ತಂದಿದೆ, ಆದರೂ ಎಲ್ಲ ಸೆಟ್‌ಗಳಲ್ಲೂ ಅದು ಇಲ್ಲ.

ಒಂದೇ ಅಂತಸ್ತಿನ ಪುಟ್ಟ ಮನೆಯವರಿಗೆ ನಾನು ಇದನ್ನು ಕೊಳ್ಳಿ ಅಂತ ಹೇಳುವುದಿಲ್ಲ. ಇರುವ ರೂಟರನ್ನೇ ಉದ್ದನೆಯ ಕೇಬಲ್ ಹಾಕಿ ಮನೆಯ ನಡುಭಾಗಕ್ಕೆ, ಎತ್ತರದ ಜಾಗಕ್ಕೆ ತಂದು ನೋಡಿ, ಎಷ್ಟೋ ಮನೆಗಳಲ್ಲಿ ಅಷ್ಟೇ ಸಾಕಾಗುತ್ತದೆ. ದೊಡ್ಡ ಮನೆ, ದಪ್ಪ ಗೋಡೆ, ಮಹಡಿ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ಮೂರರ ಸೆಟ್‌ಗೆ ಹಾಕುವ ಹಣದಲ್ಲಿ ಎರಡರ ಸೆಟ್ ತಂದು, ಉಳಿದದ್ದನ್ನು ಕೇಬಲ್ ಎಳೆಸುವುದಕ್ಕೆ ಕೊಟ್ಟರೆ ಇನ್ನೂ ಚೆನ್ನ.

ಗೇಟಿನ ಕ್ಯಾಮೆರಾ ಒಂದು ಇನ್ನೂ ಪೂರ್ತಿ ಸರಿಹೋಗಿಲ್ಲ. 2.4ರಲ್ಲಿ ಮೈನಸ್ 76 ಸಿಗುತ್ತದೆ, ಹಗಲು ಪರವಾಗಿಲ್ಲ, ಸಂಜೆ ಅಕ್ಕಪಕ್ಕದವರ ವೈ-ಫೈ ಎಲ್ಲ ಜೋರಾದಾಗ ಚಿತ್ರ ತಡವರಿಸುತ್ತದೆ. ಅದಕ್ಕೂ ಒಂದು ಕೇಬಲ್ ಎಳೆಸುತ್ತಿದ್ದೇನೆ, ಹೊರಗೆ ಬಿಸಿಲು ಮಳೆ ತಡೆಯುವಂಥದ್ದು.