‘ಓಡ್ತಾ ಇದೆ ನೋಡಿ ಮೇಡಂ’ ಅಂದರೆ ನಂಬಬೇಡಿ: ಹಳೇ ಗಡಿಯಾರ ಕೊಂಡು ಕೆಟ್ಟ ಕತೆ

ಹೋದ ವಾರ ನಮ್ಮ ಶಾಲೆಯ ಟೀಚರ್ ಒಬ್ಬರು ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಮಾವನವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಹಳೇ ಕಾಲದ ಗಡಿಯಾರ ಕೊಡಿಸಬೇಕಂತೆ. ಕೆಂಪು ರೆಕ್ಸಿನ್ ಹೊದಿಸಿದ ಮೇಜು. ಅದರ ಮೇಲೆ ಕಮಾನು ತಲೆಯ ಮರದ ಗಡಿಯಾರ. ಅದರ ಎಡಗಾಲಿನ ಕೆಳಗೆ ಮಡಚಿಟ್ಟ ರಟ್ಟಿನ ಚೂರು. ಗಡಿಯಾರ ಹೊಸದು, ಅಂದರೆ ನಾನು ನೋಡಿಲ್ಲದ್ದು. ಆದರೆ ಆ ಮೇಜೂ ಆ ರಟ್ಟೂ ನನಗೆ ಚೆನ್ನಾಗಿ ಗೊತ್ತು. 31,000 ರೂಪಾಯಿ ಕೊಟ್ಟು ಪರಿಚಯ ಮಾಡಿಕೊಂಡಿದ್ದೇನೆ. ಅವರಿಗೆ ಅಲ್ಲೇ ಬೇಡ ಅಂದೆ. ದಾವಣಗೆರೆ, ಚಿತ್ರದುರ್ಗದ ಕಡೆ ಇನ್ನೂ ಎಷ್ಟು ಜನರ ಮೊಬೈಲಿಗೆ ಆ ಫೋಟೊ ಹೋಗಿದೆಯೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಾರಿದವರ ಹೆಸರು ಹಾಕುವುದಿಲ್ಲ. ಹೆಸರಿಗಿಂತ, ಕೆಟ್ಟ ಗಡಿಯಾರವನ್ನು ಓಡಿಸಿ ತೋರಿಸಿ ಮಾರುವ ಆ ವಿದ್ಯೆ ತಿಳಿದಿರುವುದು ಮುಖ್ಯ. ಆ ವಿದ್ಯೆ ಇವರೊಬ್ಬರದ್ದೇ ಅಲ್ಲ.

ನನಗೆ ಗಡಿಯಾರದ ಹುಚ್ಚು ಹಿಡಿದದ್ದು ತಾತನ ಗೋಡೆ ಗಡಿಯಾರದಿಂದ. ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಇವತ್ತಿಗೂ ಓಡುತ್ತದೆ. ಅದು ಸಲೀಸಾಗಿ ಓಡುವುದನ್ನು ನೋಡಿ ಎಲ್ಲ ಹಳೇ ಗಡಿಯಾರವೂ ಹೀಗೇ ಗಟ್ಟಿ ಅಂದುಕೊಂಡೆ. ಮೊದಲ ತಪ್ಪು ಅದೇ.

ಕಳೆದ ವರ್ಷ ಮಾರ್ಚ್‌ನಲ್ಲಿ ವಾಟ್ಸಾಪ್ ಗುಂಪೊಂದರಲ್ಲಿ ಒಂದು ಫೋಟೊ ಬಂತು. ‘ಇಂಗ್ಲಿಷ್ ಬ್ರ್ಯಾಕೆಟ್ ಕ್ಲಾಕ್, 1850, ಬ್ರಿಟಿಷ್ ಕಲೆಕ್ಟರ್ ಬಂಗಲೆಯದ್ದು, ರನ್ನಿಂಗ್ ಕಂಡೀಷನ್’. ಬೆಲೆ 38,000. ಬ್ರ್ಯಾಕೆಟ್ ಗಡಿಯಾರ, ಮ್ಯಾಂಟಲ್ ಗಡಿಯಾರ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಮನೆಗೆ ಒಂದೇ ಗಡಿಯಾರ ಇರುತ್ತಿದ್ದ ಕಾಲದಲ್ಲಿ ಇಂಗ್ಲೆಂಡಿನ ಶ್ರೀಮಂತರು ಅದನ್ನು ಕೋಣೆಯಿಂದ ಕೋಣೆಗೆ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೇ ಗಡಿಯಾರದ ತಲೆಯ ಮೇಲೆ ಒಂದು ಹಿಡಿ ಇರುತ್ತಿತ್ತು. ಗೋಡೆಗೆ ಹೊಡೆದ ಸಣ್ಣ ಹಲಗೆಯ ಮೇಲೂ ಇಡುತ್ತಿದ್ದರು, ಆ ಹೆಸರು ಅಲ್ಲಿಂದ ಬಂತು. ಮ್ಯಾಂಟಲ್ ಎಂದರೆ ಅಗ್ಗಿಷ್ಟಿಕೆಯ ಮೇಲಿನ ಹಲಗೆ, ಅಲ್ಲಿ ಕೂರುವುದು ಮ್ಯಾಂಟಲ್ ಗಡಿಯಾರ. ನಮ್ಮೂರಿಗೆ ಅಗ್ಗಿಷ್ಟಿಕೆ ಯಾಕೆ, ಏಪ್ರಿಲ್ ಬಂದರೆ ಮನೆಯೇ ಒಲೆ. ನಮ್ಮಲ್ಲಿ ಇದು ಟೀವಿ ಶೋಕೇಸಿನ ಮೇಲೆ ಕೂರುತ್ತದೆ.

ಫೋಟೊ ಹಾಕಿದ ಮನುಷ್ಯನಿಗೆ ಫೋನ್ ಮಾಡಿದೆ. ತುಂಬಾ ಮರ್ಯಾದೆಯ ಮಾತು. "ಭಾನುವಾರ ಐದು ಗಂಟೆಗೆ ಸರಿಯಾಗಿ ಬನ್ನಿ ಮೇಡಂ, ಹೊಡೆಯೋದನ್ನೂ ಕೇಳಬಹುದು" ಎಂದರು. ಅವರಿದ್ದದ್ದು ಚಿತ್ರದುರ್ಗದಲ್ಲಿ. ದಾವಣಗೆರೆಯಿಂದ ಏನು ದೂರ, ಅರವತ್ತು ಕಿಲೋಮೀಟರ್. ಬಸ್ ಹತ್ತಿ ಹೋದೆ. ಅಂಗಡಿ ಅಲ್ಲ, ಓಣಿಯೊಳಗಿನ ಮನೆ. ಗಡಿಯಾರ ಓಡುತ್ತಿತ್ತು. ಟಿಕ್ ಟಾಕ್ ಟಿಕ್ ಟಾಕ್, ಒಳ್ಳೆ ತಾಳ. ಐದಕ್ಕೆ ಸರಿಯಾಗಿ ಐದು ಹೊಡೆಯಿತು. ಗುಂಯ್ ಎನ್ನುವ ದನಿ ಕೋಣೆ ತುಂಬಿತು. ನಾನು ಅಲ್ಲೇ ಸೋತೆ.

ಎಡಗಾಲಿನ ಕೆಳಗಿನ ರಟ್ಟು ಕಣ್ಣಿಗೆ ಬಿದ್ದಿತ್ತು. ಮೇಜು ಅಲ್ಲಾಡುತ್ತಿರಬೇಕು ಅಂದುಕೊಂಡೆ. ಹಿಂದಿನ ಬಾಗಿಲು ತೆಗೀರಿ, ಮಷೀನ್ ನೋಡೋಣ ಅಂದೆ. "ಅದರ ಬೀಗದ ಕೀ ಸಿಗ್ತಿಲ್ಲ ಮೇಡಂ. ತೆಗೆದರೆ ಒಳಗೆ ಧೂಳು ಹೋಗುತ್ತೆ, ಸೆಟ್ಟಿಂಗ್ ಹಾಳಾಗುತ್ತೆ. ಓಡ್ತಾ ಇದೆ ನೋಡಿ, ಇನ್ನೇನು ಬೇಕು?" ಎಂದರು. ಇನ್ನೇನು ಬೇಕು ಎಂದು ನನಗೂ ತೋಚಲಿಲ್ಲ. ಮಕ್ಕಳಿಗೆ ಲೋಲಕದ ಪಾಠ ಮಾಡುವ ವಿಜ್ಞಾನದ ಟೀಚರ್ ನಾನು! ಚೌಕಾಸಿ ಮಾಡಿ 31,000ಕ್ಕೆ ಇಳಿಸಿದೆ, ಗೆದ್ದೆ ಎಂದೂ ಅಂದುಕೊಂಡೆ. ಹಣ ನಗದಾಗಿ ಬೇಕು ಎಂದರು. ಎದುರಿನ ಎಟಿಎಮ್‌ಗಳನ್ನು ಎರಡು ಸುತ್ತು ಹಾಕಿ ತಂದುಕೊಟ್ಟೆ. ಕೊಟ್ಟ ಚೀಟಿಯಲ್ಲಿ ಬರೆದದ್ದು ಇಷ್ಟೇ: ‘ಹಳೇ ಸಾಮಾನು – 1’.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಗಡಿಯಾರವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ, ಪೆಂಡುಲಮ್ ಕಳಚದೆ. ಪೆಂಡುಲಮ್ ತೂಗುವುದು ಬ್ಲೇಡಿಗಿಂತ ತೆಳುವಾದ ಒಂದು ಉಕ್ಕಿನ ಪಟ್ಟಿಯಲ್ಲಿ. ರೋಡ್ ಹಂಪ್ ಬಂದಾಗೆಲ್ಲ ಅದು ತಿರುಚುತ್ತದೆ. ಸಾಗಿಸುವ ಮೊದಲು ಪೆಂಡುಲಮ್ ಬಿಚ್ಚಿ ಬೇರೆ ಬಟ್ಟೆಯಲ್ಲಿ ಸುತ್ತಬೇಕು. ಮಾರಿದವರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮನೆಯಲ್ಲಿ ಶೋಕೇಸಿನ ಮೇಲಿಟ್ಟೆ. ಹತ್ತು ನಿಮಿಷಕ್ಕೆ ನಿಂತಿತು. ಮತ್ತೆ ತೂಗಿಬಿಟ್ಟೆ, ಮತ್ತೆ ನಿಂತಿತು. ಫೋನ್ ಮಾಡಿದರೆ "ಜಾಗ ಬದಲಾಯಿತಲ್ಲ ಮೇಡಂ, ಹೊಂದಿಕೊಳ್ಳುತ್ತೆ" ಎಂಬ ಉತ್ತರ. ಹೊಸ ಸೊಸೆ ಕರೆದುಕೊಂಡು ಬಂದಿದ್ದೇನೋ ಎಂಬಂತೆ! ಮೂರನೇ ದಿನ ನಮ್ಮವರು ಸುಮ್ನೆ ಎಡಗಡೆ ಒಂದು ಹಳೇ ಕ್ಯಾಲೆಂಡರ್ ಹಾಳೆ ಮಡಚಿಟ್ಟರು. ಓಡಿತು. ಆಗ ನನಗೆ ಆ ರಟ್ಟಿನ ಚೂರು ನೆನಪಾಯಿತು.

ಗಂಟೆ ಹೊಡೆಯುವುದೂ ಹಾಗೇ. ಆರು, ಏಳು, ಎಂಟು ಸರಿ. ಹತ್ತಕ್ಕೆ ಎಂಟೇ ಹೊಡೆಯಿತು. ಹನ್ನೆರಡಕ್ಕೆ ಒಂದು ದಿನ ಒಂಬತ್ತು, ಒಂದು ದಿನ ಹನ್ನೊಂದು. ಅವರು ಯಾಕೆ ಐದು ಗಂಟೆಗೇ ಕರೆದರು ಎಂಬುದು ಆಗ ಅರ್ಥವಾಯಿತು.

ಮೂರು ವಾರದ ನಂತರ ರಾತ್ರಿ ಕೀ ಕೊಡುತ್ತಿದ್ದೆ. ನಾಲ್ಕನೇ ಸುತ್ತಿಗೆ ಒಳಗೆ ಢಮ್ ಎಂದಿತು. ಕೈಯಲ್ಲಿದ್ದ ಕೀ ಜುಂ ಎಂದು ಹಿಂದಕ್ಕೆ ತಿರುಗಿ ಹೆಬ್ಬೆರಳಿಗೆ ಹೊಡೆಯಿತು. ಗಡಿಯಾರ ಸತ್ತಿತು.

ನಮ್ಮೂರಲ್ಲಿ ಸೆಲ್ ಬದಲಾಯಿಸುವವರು ಬೇಕಾದಷ್ಟು ಜನ. ಕೀ ಗಡಿಯಾರ ಬಿಚ್ಚುವವರು ಬೆರಳೆಣಿಕೆ. ಕೇಳಿ ಕೇಳಿ ಹಳೇ ಪೇಟೆಯ ಒಬ್ಬ ಚಾಚಾ ಹತ್ತಿರ ಹೋದೆ. ಅವರು ಬೀಗದ ತಂಟೆಗೇ ಹೋಗಲಿಲ್ಲ. ಬಾಗಿಲಿನ ಕೀಲಿನ ಮೊಳೆ ಎಳೆದು ಎರಡೇ ನಿಮಿಷದಲ್ಲಿ ತೆಗೆದರು. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನೋಡಿ ಕೇಳಿದರು: "ಮೇಡಮ್ಮೋರೇ, ಇದಕ್ಕೆ ಎಷ್ಟು ಕೊಟ್ರಿ?" ಹೇಳಿದೆ. ಚಾಚಾ ಮಾತಾಡಲಿಲ್ಲ, ಹುಡುಗನಿಗೆ ಎರಡು ಚಾ ತರಲು ಹೇಳಿದರು.

ಆಮೇಲೆ ಒಂದೊಂದಾಗಿ ತೋರಿಸಿದರು. ಹಿಂದಿನ ಪ್ಲೇಟಿನ ಮೇಲೆ ಎಂಟು ಮೂಲೆಯ ನಕ್ಷತ್ರ, ಅದರೊಳಗೆ ಜೆ ಅಕ್ಷರ. ಅದು ಜರ್ಮನಿಯ ಕಂಪನಿಯ ಗುರುತು. ಚಾಚಾ ಬಾಯಲ್ಲಿ ಜಂಗಾನ್ಸ್, ಜರ್ಮನ್ನರ ಬಾಯಲ್ಲಿ ಯುಂಗ್‌ಹಾನ್ಸ್. ಶ್ರಾಂಬರ್ಗ್ ಎಂಬ ಊರಲ್ಲಿ ಆ ಕಂಪನಿ ಶುರುವಾದದ್ದೇ 1861ರಲ್ಲಿ. 1850ರ ಇಂಗ್ಲಿಷ್ ಗಡಿಯಾರದೊಳಗೆ ಅದು ಹೇಗೆ ಬಂತು? ಕೆಳಗೆ ‘ಮೇಡ್ ಇನ್ ಜರ್ಮನಿ’ ಎಂದೂ ಇತ್ತು. ಹೊರಗಿನಿಂದ ತರಿಸಿದ ಮಾಲಿನ ಮೇಲೆ ದೇಶದ ಹೆಸರು ಹಾಕಿಸುವ ಕಾನೂನು ಬ್ರಿಟನ್ನಿನಲ್ಲಿ ಬಂದದ್ದು 1887ರಲ್ಲಿ. ಜರ್ಮನಿ ಒಂದು ದೇಶವಾಗಿ ಒಂದುಗೂಡಿದ್ದೇ 1871ರಲ್ಲಿ. ಆ ಒಂದು ಸಾಲು ಓದಿದ್ದರೆ ಸಾಕಿತ್ತು. ಓದಬೇಕಾದರೆ ಬಾಗಿಲು ತೆಗೆಯಬೇಕಿತ್ತು. ಜಂಗಾನ್ಸ್ ಕೆಟ್ಟ ಮಷೀನ್ ಅಲ್ಲ, ಚಾಚಾ ಅದಕ್ಕೆ ಬಲು ಗೌರವ ಕೊಡುತ್ತಾರೆ. ಆದರೆ ಲಕ್ಷಗಟ್ಟಲೆ ತಯಾರಾದ ಮಾಲು. ಅದಕ್ಕೆ ಕಲೆಕ್ಟರ್ ಬಂಗಲೆಯ ರೇಟು ಇಲ್ಲ.

"ಇಂಗ್ಲಿಷ್ ಬ್ರ್ಯಾಕೆಟ್ ಆಗಿದ್ರೆ ಇಲ್ಲಿ ಬುಗುರಿ ಇರಬೇಕಿತ್ತು" ಎಂದರು. ಬುಗುರಿ ಎಂದರೆ ಫ್ಯೂಸಿ. ಸುತ್ತ ಗೀರು ಕೊರೆದ, ಬುಗುರಿ ಆಕಾರದ ಹಿತ್ತಾಳೆ ಉಂಡೆ. ಅದಕ್ಕೆ ಸೈಕಲ್ ಚೈನಿನ ಮರಿಯಂಥ ಸಣ್ಣ ಸರಪಳಿ ಸುತ್ತಿರುತ್ತದೆ, ಕೆಲವದರಲ್ಲಿ ಪ್ರಾಣಿಯ ಕರುಳಿನಿಂದ ಹೊಸೆದ ದಾರ. ಸ್ಪ್ರಿಂಗ್ ತುಂಬ ಕೀ ಕೊಟ್ಟಾಗ ಜೋರಾಗಿ ಎಳೆಯುತ್ತದೆ, ಬಿಚ್ಚುತ್ತಾ ಹೋದಂತೆ ಸೋಲುತ್ತದೆ. ಬುಗುರಿಯ ತೆಳ್ಳಗಿನ ತುದಿ, ದಪ್ಪ ಬುಡ ಸೇರಿ ಆ ಎಳೆತವನ್ನು ಸಮ ಮಾಡುತ್ತವೆ. ಹಳೆಯ ಇಂಗ್ಲಿಷ್ ಬ್ರ್ಯಾಕೆಟ್ ಗಡಿಯಾರ ಇದಿಲ್ಲದೆ ಇರುವುದು ಅಪರೂಪ. ನನ್ನದರಲ್ಲಿ ಸುತ್ತ ಹಲ್ಲಿರುವ ಎರಡು ಡಬ್ಬಿ, ಅದರೊಳಗೆ ಸುತ್ತಿಟ್ಟ ಸ್ಪ್ರಿಂಗ್, ಅಷ್ಟೇ.

ಪೆಟ್ಟಿಗೆಯದ್ದು ಇನ್ನೊಂದು ಕತೆ. ಮುಂದೆ ತೇಗ, ಹಿಂದೆ ಪ್ಲೈವುಡ್ಡಿಗೆ ಕಪ್ಪು ಪಾಲಿಷ್. ಮಷೀನ್ ಕೂತ ಹಲಗೆಗೆ ಸ್ಟಾರ್ ಸ್ಕ್ರೂ ಹೊಡೆದಿದ್ದರು. ಆ ಪ್ಲಸ್ ಗುರುತಿನ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಪಕ್ಕದಲ್ಲಿ ಬೇರೆ ಯಾವುದೋ ಮಷೀನಿನ ಹಳೇ ತೂತುಗಳು, ಮೇಣ ತುಂಬಿ ಮುಚ್ಚಿದ್ದು. ಮೂಲೆಯಲ್ಲಿ ಕುಟ್ಟೆ ಹಿಡಿದು ಪುಡಿ ಉದುರುತ್ತಿತ್ತು. ‘ಪಿಂಗಾಣಿ ಡಯಲ್’ ತಗಡಿನ ಮೇಲೆ ಅಂಟಿಸಿದ ಕಾಗದ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರೆ ಪ್ರಿಂಟರಿನ ಚುಕ್ಕಿಗಳು ಎದ್ದು ಕಂಡವು. ಕೀ ಹಾಕುವ ತೂತೂ ಒಳಗಿನ ಚೌಕ ಕಡ್ಡಿಗೆ ನೇರ ಇರಲಿಲ್ಲ, ಸ್ವಲ್ಪ ಓರೆ. ಒಬ್ಬರ ತಲೆ, ಇನ್ನೊಬ್ಬರ ಮುಂಡ. (ಒಂದು ವಿಷಯಕ್ಕೆ ಮಾತ್ರ ಅನುಮಾನ ಬೇಡ. ರೋಮನ್ ಅಂಕಿಯಲ್ಲಿ ನಾಲ್ಕಕ್ಕೆ ನಾಲ್ಕು ಕಡ್ಡಿ ಹಾಕಿರುವುದು ತಪ್ಪಲ್ಲ, ಹಳೇ ಡಯಲ್‌ಗಳಲ್ಲಿ ಅದೇ ವಾಡಿಕೆ.)

ನನಗೆ ಹೊಟ್ಟೆ ಉರಿದದ್ದು ಮಷೀನಿನ ಸ್ಥಿತಿ ನೋಡಿ. ಚಕ್ರಗಳ ಅಚ್ಚಿನ ತುದಿ ಕೂರುವ ತೂತು ದುಂಡಗಿರಬೇಕು, ಇಲ್ಲಿ ಮೊಟ್ಟೆಯಂತಾಗಿದ್ದವು. ಸರಿಯಾದ ರಿಪೇರಿ ಎಂದರೆ ತೂತು ದೊಡ್ಡದು ಮಾಡಿ ಹೊಸ ಹಿತ್ತಾಳೆ ಬುಷ್, ಅಂದರೆ ಸಣ್ಣ ಬಳೆ, ಕೂರಿಸುವುದು. ಇಲ್ಲಿ ತೂತಿನ ಸುತ್ತ ಮೊಳೆಯಿಂದ ಚುಕ್ಕಿ ಚುಕ್ಕಿ ಗುದ್ದಿ ಹಿತ್ತಾಳೆಯನ್ನು ಒಳಕ್ಕೆ ಒತ್ತಿದ್ದರು. ಸ್ವಲ್ಪ ದಿನ ಓಡುತ್ತದೆ, ಮಾರಲು ಅಷ್ಟು ಸಾಕು. ಗಂಟೆ ಎಣಿಸುವ ಹಲ್ಲಿನ ಪಟ್ಟಿ ಸವೆದು ಜಾರುತ್ತಿತ್ತು. ಪೆಂಡುಲಮ್ ತಳ್ಳುವ ಕಡ್ಡಿ ಬಗ್ಗಿತ್ತು, ಅದಕ್ಕೇ ನೆಟ್ಟಗೆ ಇಟ್ಟರೆ ತಾಳ ತಪ್ಪುತ್ತಿತ್ತು, ಓರೆ ಇಟ್ಟರೆ ಸರಿ. ಕಡ್ಡಿ ಸರಿ ಮಾಡುವ ಬದಲು ರಟ್ಟು ಇಟ್ಟರು! ಎಲ್ಲದರ ಮೇಲೆ ಧಾರಾಳವಾಗಿ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ನಮ್ಮೂರ ಡಿಸೆಂಬರ್ ಬೆಳಗ್ಗೆ ಬಾತ್‌ರೂಮಿನ ಬಾಟಲಿ ನೋಡಿದರೆ ಗೊತ್ತಾಗುತ್ತದೆ. ಗಡಿಯಾರದೊಳಗೂ ಅದೇ.

ಒಡೆದದ್ದು ಓಡಿಸುವ ಸ್ಪ್ರಿಂಗ್. ಅದು ಒಡೆಯುವಾಗ ಸುಮ್ಮನೆ ಒಡೆಯುವುದಿಲ್ಲ, ಕೂಡಿಟ್ಟ ಬಲವನ್ನೆಲ್ಲ ಒಂದೇ ಏಟಿಗೆ ಹಿಂದಕ್ಕೆ ಎಸೆಯುತ್ತದೆ. ಡಬ್ಬಿಯ ನಾಲ್ಕು ಹಲ್ಲು ಕಿತ್ತು ಬಂದಿದ್ದವು. ಅದರಲ್ಲಿ ಎರಡು ಮೊದಲೇ ಒಡೆದು ಬೆಸುಗೆ ಹಾಕಿದ್ದವು. "ನಾನು ಜಾಸ್ತಿ ಕೀ ಕೊಟ್ಟೆನಾ ಚಾಚಾ?" ಎಂದು ಕೇಳಿದೆ. ಜಾಸ್ತಿ ಕೀ ಕೊಡುವುದು ಅಂತ ಒಂದಿಲ್ಲ ಎಂದರು. ಸ್ಪ್ರಿಂಗ್ ಸರಿ ಇದ್ದರೆ ಪೂರ್ತಿ ಕೊಟ್ಟರೂ ತಡೆಯುತ್ತದಂತೆ. ಆ ಒಂದು ಮಾತಿನಿಂದ ಸ್ವಲ್ಪ ಸಮಾಧಾನವಾಯಿತು.

ಮಾರಿದವರಿಗೆ ಫೋನ್ ಮಾಡಿದೆ. "ಆ್ಯಂಟಿಕ್ ಮಾಲಿಗೆ ಗ್ಯಾರಂಟಿ ಎಲ್ಲಿರುತ್ತೆ ಮೇಡಂ? ನೀವೇ ನೋಡಿ, ಕೇಳಿ ತಗೊಂಡ್ರಲ್ಲ" ಎಂದರು. 1850 ಎಂದು ನೀವೇ ಬರೆದಿದ್ದೀರಿ ಎನ್ನಲು ವಾಟ್ಸಾಪ್ ತೆಗೆದರೆ ಅಲ್ಲಿ ಏನೂ ಇಲ್ಲ. ಏಳು ದಿನಕ್ಕೆ ತಾನಾಗಿ ಅಳಿಸಿಹೋಗುವ ಮೆಸೇಜ್ ಸೆಟ್ಟಿಂಗನ್ನು ಅವರು ಮೊದಲ ದಿನವೇ ಹಾಕಿದ್ದರು. ನಾನು ಗಮನಿಸಿರಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಆದರೆ ನನ್ನ ಕೈಯಲ್ಲಿ ಇದ್ದದ್ದು ‘ಹಳೇ ಸಾಮಾನು – 1’. ಹಳೇ ಸಾಮಾನು ಕೊಟ್ಟಿದ್ದು ಸುಳ್ಳಲ್ಲವಲ್ಲ! ಬಿಟ್ಟುಬಿಟ್ಟೆ. ನೀವು ಬಿಡಬೇಡಿ. ಫೋಟೊ, ಮಾತುಕತೆ ಎಲ್ಲದರ ಸ್ಕ್ರೀನ್‌ಶಾಟ್ ಅವತ್ತೇ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ತಯಾರಕರ ಹೆಸರು, ಅಂದಾಜು ವರ್ಷ, ಯಾವ ಭಾಗ ಬದಲಾಗಿದೆ ಎಂದು ಬರೆಸಿ. ನೂರು ವರ್ಷ ದಾಟಿದ ಪುರಾತನ ವಸ್ತು ಮಾರುವ ವ್ಯಾಪಾರಕ್ಕೆ 1972ರ ಕಾನೂನಿನ ಪ್ರಕಾರ ಪರವಾನಗಿಯೂ ಬೇಕು. ಅದನ್ನೂ ಒಂದು ಮಾತು ಕೇಳಿ ನೋಡಿ, ಎಷ್ಟೋ ಜನರ 1850 ಅಲ್ಲೇ ಇಳಿಯುತ್ತದೆ.

ಈಗ ನಾನು ಗಡಿಯಾರ ನೋಡಲು ಹೋದರೆ ಹೇಳಿದ ಸಮಯಕ್ಕೆ ಹೋಗುವುದಿಲ್ಲ. ಕಾಲಿನ ಕೆಳಗೆ ಏನಾದರೂ ಇದ್ದರೆ ತೆಗೆಸುತ್ತೇನೆ, ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ಓಡಿಸಿ ಎನ್ನುತ್ತೇನೆ. ಕಣ್ಣು ಮುಚ್ಚಿ ತಾಳ ಕೇಳುತ್ತೇನೆ. ಟಿಕ್‌ಗೂ ಟಾಕ್‌ಗೂ ನಡುವಿನ ಹೊತ್ತು ಒಂದೇ ಇರಬೇಕು, ಕುಂಟಬಾರದು. ದೊಡ್ಡ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ ಒಂದರಿಂದ ಹನ್ನೆರಡರ ತನಕ ಹೊಡೆಸುತ್ತೇನೆ, ಒಂದು ಹೊಡೆದು ಮುಗಿಯುವ ತನಕ ಕಾದು ಇನ್ನೊಂದು. ಒಟ್ಟು 78 ಏಟು. ಅರ್ಧ ಗಂಟೆಗೂ ಒಂದು ಹೊಡೆಯುವಂಥದ್ದಾದರೆ 90. ಮುಳ್ಳನ್ನು ಹಿಂದಕ್ಕೆ ಮಾತ್ರ ತಿರುಗಿಸಬಾರದು. ಬಾಗಿಲು ತೆಗೆಯುವುದಿಲ್ಲ ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತೇನೆ. ಒಬ್ಬರು ಮಾತ್ರ ಕೇಳುವ ಮೊದಲೇ ಬಾಗಿಲು ತೆಗೆದು, ಇಲ್ಲಿ ಬುಷ್ ಹೊಸದು, ಇಲ್ಲಿ ಹಲ್ಲು ಕಟ್ಟಿಸಿದ್ದು ಎಂದು ತೋರಿಸಿದ್ದರು. ಆ ಗಡಿಯಾರ ನನಗೆ ದುಬಾರಿಯಾಯಿತು, ತಗೊಳ್ಳಲಿಲ್ಲ. ಆದರೆ ಅವರ ನಂಬರ್ ಇಟ್ಟುಕೊಂಡಿದ್ದೇನೆ.

ಈಗಾಗಲೇ ಇಂಥದ್ದೊಂದು ಮನೆಗೆ ಬಂದು ಕೂತಿದ್ದರೆ ಕೀ ಕೊಡುವುದು ನಿಲ್ಲಿಸಿ. ಎಣ್ಣೆ ಬಿಡಬೇಡಿ, ಹೊಲಿಗೆ ಮಷೀನಿನದ್ದೂ ಬೇಡ. ಸ್ಕ್ರೂ ಬಿಚ್ಚುವ ಧೈರ್ಯ ಮಾಡಲೇಬೇಡಿ. ಕೀ ತುಂಬಿದ ಸ್ಪ್ರಿಂಗ್ ಇಳಿಸದೆ ಪ್ಲೇಟ್ ಬಿಚ್ಚಿದರೆ ಹೆಬ್ಬೆರಳಿನ ಗಾಯಕ್ಕೆ ಮುಗಿಯುವುದಿಲ್ಲ. ಪೆಂಡುಲಮ್ ಕಳಚಿ ಗೊತ್ತಿದ್ದವರ ಹತ್ತಿರ ಒಯ್ಯಿರಿ. ನನ್ನದು ಇನ್ನೂ ಚಾಚಾ ಅಂಗಡಿಯ ಕಪಾಟಿನಲ್ಲಿದೆ. ಸ್ಪ್ರಿಂಗ್ ಮುಂಬೈಯಿಂದ ಬರಬೇಕು, ಡಬ್ಬಿಗೆ ಹಲ್ಲು ಕಟ್ಟಲು ಇನ್ನೊಂದು ತಿಂಗಳು ಬೇಕಂತೆ. ಹೋಗುವವರಿಗೆ ವಿಳಾಸ ಬೇಕಾದರೆ ಕೇಳಿ, ಹೇಳುತ್ತೇನೆ. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ಅಂಗಡಿ ಮುಚ್ಚಿರುತ್ತದೆ.